ಹದ್ದು ಯಾಕೆ ಬಿತ್ತು? 'ಆಲ್ ದಟ್ ಬ್ರೀತ್ಸ್' ಎರಡನೇ ಸಲ ನೋಡಿದ ಮೇಲೆ

ಕಳೆದ ಚಳಿಗಾಲದ ರಜೆಯಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ 'ಆಲ್ ದಟ್ ಬ್ರೀತ್ಸ್' ಡಾಕ್ಯುಮೆಂಟರಿಯನ್ನ ಎರಡನೇ ಸಲ ನೋಡಿದೆ. ಮೊದಲ ಸಲ ಒಬ್ಬಳೇ ನೋಡಿ ಕಣ್ಣೀರು ಹಾಕಿದ್ದೆ, ಸಿಕ್ಕಿದವರಿಗೆಲ್ಲ ನೋಡಿ ಅಂತ ದುಂಬಾಲು ಬಿದ್ದಿದ್ದೆ. ಈ ಸಲ ಪಕ್ಕದಲ್ಲಿ ಅಕ್ಕನ ಮಗಳು ಕೂತಿದ್ದಳು. ಅವಳಿಗೆ ಹನ್ನೊಂದು ವರ್ಷ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಅಮೆರಿಕದಲ್ಲಿ. ಸಬ್‌ಟೈಟಲ್ ಓದಿಕೊಂಡು ಸುಮ್ಮನೆ ನೋಡ್ತಾ ಇದ್ದವಳು ಚಿತ್ರ ಅರ್ಧ ಆಗುವಷ್ಟರಲ್ಲಿ ಕೇಳಿದಳು: "ಚಿಕ್ಕಮ್ಮ, ಇಷ್ಟೊಂದು ಹದ್ದು ಯಾಕೆ ಬೀಳ್ತಾ ಇವೆ?"

"ಪೊಲ್ಯೂಷನ್ ಕಣೆ," ಅಂದೆ. ತಲೆ ಆಡಿಸಿ ಮತ್ತೆ ಟೀವಿ ಕಡೆ ತಿರುಗಿದಳು.

ಆ ಉತ್ತರ ಎಷ್ಟು ಸಲೀಸಾಗಿ ಬಂತು ಅಂದ್ರೆ, ಅದು ತಪ್ಪು ಅಂತ ನನಗೆ ಹೊಳೆದದ್ದು ರಾತ್ರಿ ಮಲಗಿದ ಮೇಲೆ. ತಪ್ಪು ಅಂತ ತಿಳಿಯೋಕೆ ನನಗೆ ಯಾವ ಪೇಪರ್ ಓದುವ ಅಗತ್ಯವೂ ಇರಲಿಲ್ಲ. ಯಾಕೆ ಅನ್ನೋದಕ್ಕೆ ಆಮೇಲೆ ಬರ್ತೀನಿ. ಮೊದಲು ನನ್ನನ್ನ ಕಾಡಿದ ಪ್ರಶ್ನೆ: ಇಷ್ಟು ಒಳ್ಳೆಯ ಚಿತ್ರ ನನ್ನ ಬಾಯಲ್ಲಿ ಆ ತಪ್ಪು ಉತ್ತರ ಹೇಗೆ ಇಟ್ಟಿತು?

ನೋಡದೇ ಇದ್ದವರಿಗೆ ಒಂದೆರಡು ಮಾತು. ಶೌನಕ್ ಸೇನ್ ನಿರ್ದೇಶಿಸಿದ ಈ ಚಿತ್ರ 2022ರಲ್ಲಿ ಸನ್‌ಡಾನ್ಸ್‌ನಲ್ಲಿ ದೊಡ್ಡ ಪ್ರಶಸ್ತಿ ಗೆದ್ದಿತು, ಅದೇ ವರ್ಷ ಕಾನ್‌ನಲ್ಲೂ ಡಾಕ್ಯುಮೆಂಟರಿ ಪ್ರಶಸ್ತಿ ಬಂತು, 2023ರಲ್ಲಿ ಆಸ್ಕರ್ ನಾಮನಿರ್ದೇಶನವೂ ಆಯ್ತು. ಕಥೆ ಇರೋದು ದೆಹಲಿಯ ವಜೀರಾಬಾದ್‌ನಲ್ಲಿ. ನದೀಮ್ ಶಹಜಾದ್, ಮೊಹಮ್ಮದ್ ಸೌದ್ ಅಣ್ಣತಮ್ಮಂದಿರು. ಅವರ ಜೊತೆ ಸಾಲಿಕ್ ರೆಹಮಾನ್ ಅನ್ನೋ ಹುಡುಗ. ಜೀವನಕ್ಕೆ ಸೋಪ್ ಡಿಸ್ಪೆನ್ಸರ್ ತಯಾರಿಸೋ ಸಣ್ಣ ವ್ಯಾಪಾರ. ಅದೇ ನೆಲಮಾಳಿಗೆಯಲ್ಲಿ ಗಾಯಗೊಂಡ ಹದ್ದುಗಳ ಆಸ್ಪತ್ರೆ. ಇದೆಲ್ಲ ಶುರುವಾದದ್ದು ಒಂದು ಅವಮಾನದಿಂದ. ಹುಡುಗರಾಗಿದ್ದಾಗ ಗಾಯಗೊಂಡ ಹದ್ದೊಂದನ್ನ ಪಕ್ಷಿ ಆಸ್ಪತ್ರೆಗೆ ತಗೊಂಡು ಹೋದರೆ, ಇದು ಮಾಂಸ ತಿನ್ನೋ ಹಕ್ಕಿ, ಇಲ್ಲಿ ಸೇರಿಸಲ್ಲ ಅಂತ ವಾಪಸ್ ಕಳಿಸಿದರಂತೆ. ಅಲ್ಲಿಂದ ಇಲ್ಲಿವರೆಗೆ ಅವರ ಕೈಯಲ್ಲಿ ಹಾದುಹೋದ ಹಕ್ಕಿಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು.

ಚಿತ್ರದ ಮೊದಲ ಶಾಟ್ ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತೆ. ರಾತ್ರಿ, ಒಂದು ಖಾಲಿ ಸೈಟು, ಕಸ. ಕ್ಯಾಮೆರಾ ನೆಲಕ್ಕೆ ಹತ್ತಿಕೊಂಡು ನಿಧಾನಕ್ಕೆ ಸರಿಯುತ್ತೆ. ಒಂದು ಇಲಿ, ನಾಲ್ಕು ಇಲಿ, ಆಮೇಲೆ ನೆಲವೇ ಇಲಿ. ಹಿಂದೆ ಗಾಡಿಗಳ ಹೆಡ್‌ಲೈಟ್. ಮಾತಿಲ್ಲ, ವಿವರಣೆಯಿಲ್ಲ. ಊರು ಅಂದ್ರೆ ನಾವು ಅಂದುಕೊಂಡಿರುವವರಿಗೆ, ಇಲ್ಲಿ ನೀವು ಅಲ್ಪಸಂಖ್ಯಾತರು ಅಂತ ತಣ್ಣಗೆ ಹೇಳಿಬಿಡೋ ಶಾಟ್ ಅದು. ಇಂಥ ಕ್ಷಣಗಳು ಮುಂದೆಯೂ ಇವೆ. ನೀರು ನಿಂತ ಗುಂಡಿಯಲ್ಲಿ ಆಕಾಶದ ನೆರಳು. ಛಾವಣಿ ಮೇಲೆ ಕೂತ ಸಾಲಿಕ್‌ನ ಕನ್ನಡಕವನ್ನ ಹದ್ದು ಎಗರಿಸಿಕೊಂಡು ಹೋಗೋದು. ಯಮುನೆಯ ಆಚೆ ದಡದಲ್ಲಿ ಬಿದ್ದ ಒಂದು ಹಕ್ಕಿಗಾಗಿ ಕೊರೆಯೋ ನೀರಿಗೆ ಇಳಿಯೋದು. ಮಾಂಸ ಅರೆಯೋ ಮಿಷನ್ ಕೈಕೊಡೋದು, ವಿದೇಶಿ ದೇಣಿಗೆ ಪಡೆಯೋ ಅನುಮತಿಗೆ ಅರ್ಜಿ ತಿರಸ್ಕಾರ ಆಗೋದು ಕೂಡ ಇಲ್ಲಿ ಹಕ್ಕಿ ಹಾರೋದರಷ್ಟೇ ಮುಖ್ಯ. ಯೂಟ್ಯೂಬ್‌ನಲ್ಲಿ ಹರಿದಾಡೋ ಪ್ರಾಣಿ ರಕ್ಷಣೆ ವೀಡಿಯೋಗಳ ಸಿಹಿಪಾಕ ಇದರಲ್ಲಿ ಒಂದು ತೊಟ್ಟೂ ಇಲ್ಲ.

ಇಷ್ಟೆಲ್ಲ ಇದ್ದೂ ನೋಡಿ ಮುಗಿಸಿದವರ ತಲೆಯಲ್ಲಿ ಉಳಿಯೋ ಚಿತ್ರ ಒಂದೇ: ಹೊಗೆ ಮುಸುಕಿದ ಬೂದು ಆಕಾಶ, ಅದರಿಂದ ಉದುರೋ ಹದ್ದುಗಳು. ಚಿತ್ರದ ಪ್ರಚಾರದ ಬರಹವೂ ಹೊಗೆ ಕಟ್ಟಿದ ಆಕಾಶದಿಂದ ದಿನವೂ ಬೀಳೋ ಹಕ್ಕಿಗಳು ಅನ್ನೋ ಧಾಟಿಯಲ್ಲೇ ಇತ್ತು. ವಿಮರ್ಶಕರು ಅದನ್ನೇ ಎತ್ತಿಕೊಂಡರು. ನಾನೂ ಅದನ್ನೇ ಎತ್ತಿಕೊಂಡು ಹನ್ನೊಂದು ವರ್ಷದ ಹುಡುಗಿಗೆ ದಾಟಿಸಿದೆ.

ನಿಜ ಏನು ಅಂದ್ರೆ, ಈ ಅಣ್ಣತಮ್ಮಂದಿರ ಬಳಿಗೆ ಬರೋ ಹದ್ದುಗಳಲ್ಲಿ ಹೆಚ್ಚಿನವು ಬೀಳೋದು ದಾರದಿಂದ. ಗಾಳಿಪಟದ ದಾರ, ಮಾಂಜಾ. ಇದನ್ನ ಅವರೇ ಎಷ್ಟೋ ವರ್ಷಗಳಿಂದ ಹೇಳ್ತಾ ಬಂದಿದ್ದಾರೆ. ಚಿತ್ರ ಬರೋದಕ್ಕೆ ಮುಂಚೆ ಪತ್ರಿಕೆಗಳಲ್ಲೂ ಬಂದಿತ್ತು. ದೆಹಲಿಯಲ್ಲಿ ಗಾಳಿಪಟದ ಕಾಲ ಅಂದ್ರೆ ಆಗಸ್ಟ್ 15ರ ಆಸುಪಾಸು. ಊರಿಗೆ ಊರೇ ಛಾವಣಿ ಹತ್ತುತ್ತೆ. ಗಾಜಿನ ಪುಡಿ ಮೆತ್ತಿದ ದಾರ ಅಥವಾ ಚೈನೀಸ್ ಮಾಂಜಾ ಅಂತ ಕರೆಯೋ ನೈಲಾನ್ ದಾರ ಆಕಾಶದ ತುಂಬ. ಹದ್ದು ತೇಲೋದೂ ಅದೇ ಎತ್ತರದಲ್ಲಿ. ಅದರ ಕಣ್ಣು ಎಷ್ಟೇ ಚುರುಕಾದರೂ ನೋಟ ಇರೋದು ಕೆಳಗಿನ ಕಸದ ರಾಶಿ ಮೇಲೆ. ಎದುರಿಗೆ ಬರೋ ಕೂದಲೆಳೆಯಂಥ ದಾರ ಕಾಣಲ್ಲ. ರೆಕ್ಕೆಯ ಮುಂಚೂಣಿಯಲ್ಲಿ ಭುಜದಿಂದ ಮಣಿಕಟ್ಟಿನವರೆಗೆ ಒಂದು ತೆಳು ಚರ್ಮ ಇರುತ್ತೆ, ಅದರ ಅಂಚಿನಲ್ಲಿ ಒಂದು ಸ್ನಾಯುರಜ್ಜು. ರೆಕ್ಕೆ ಬಿಗಿಯಾಗಿ ಬಿಚ್ಚಿಕೊಳ್ಳೋದು ಅದರಿಂದಲೇ. ದಾರ ಕೊಯ್ಯೋದು ಅಲ್ಲಿ. ಚರ್ಮ ಹೊಲಿಯಬಹುದು, ಆ ರಜ್ಜು ತುಂಡಾದರೆ ಹಕ್ಕಿ ಬದುಕಿದರೂ ಮತ್ತೆ ಹಾರೋದು ಕಷ್ಟ. ಹಬ್ಬ ಮುಗಿದ ಮೇಲೂ ಹರಿದ ದಾರ ಮರದಲ್ಲಿ, ಕರೆಂಟ್ ವೈರಿನಲ್ಲಿ ತಿಂಗಳುಗಟ್ಟಲೆ ನೇತಾಡ್ತಾ ಇರುತ್ತೆ. ಗೂಡಿಗೆ ಬಂದು ಹೋಗೋ ಹಕ್ಕಿ ಅದರಲ್ಲಿ ಸಿಕ್ಕಿಕೊಳ್ಳುತ್ತೆ. ಹಾಗಾಗಿ ಗಾಯದ ಕಾಲ ಹಬ್ಬದ ಕಾಲಕ್ಕಿಂತ ಬಹಳ ಉದ್ದ.

ಈ ದಾರ ಹಕ್ಕಿಗಳ ಕುತ್ತಿಗೆಗಷ್ಟೇ ಸುತ್ತಿಕೊಂಡಿಲ್ಲ. 2016ರ ಆಗಸ್ಟ್ 15ರಂದು ದೆಹಲಿಯಲ್ಲಿ ಕಾರಿನ ಸನ್‌ರೂಫ್‌ನಿಂದ ತಲೆ ಹೊರಗೆ ಹಾಕಿದ್ದ ಇಬ್ಬರು ಪುಟ್ಟ ಮಕ್ಕಳು ಬೇರೆ ಬೇರೆ ಕಡೆ ಮಾಂಜಾ ಕೊಯ್ದು ಸತ್ತರು. 2017ರ ಜನವರಿಯಲ್ಲಿ ದೆಹಲಿ ಸರ್ಕಾರ ನೈಲಾನ್ ದಾರವನ್ನೂ ಗಾಜು, ಲೋಹ ಮೆತ್ತಿದ ದಾರವನ್ನೂ ನಿಷೇಧಿಸಿತು. ಅದೇ ವರ್ಷ ಜುಲೈನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶ ದೇಶಕ್ಕೆಲ್ಲ ಬಂತು. ಮಾರಾಟ ಮಾತ್ರ ನಿಂತಿಲ್ಲ.

ಚಿತ್ರದಲ್ಲಿ ಈ ದಾರಕ್ಕೆ ಎಷ್ಟು ಜಾಗ? ಪೂರ್ತಿ ಮುಚ್ಚಿಟ್ಟಿದ್ದಾರೆ ಅಂತ ನಾನು ಹೇಳ್ತಾ ಇಲ್ಲ. ಆದರೆ ಇಲಿಗೆ, ಹಂದಿಗೆ, ಗುಂಡಿಯ ನೀರಿಗೆ, ಕೆಮ್ಮಿಗೆ ಸಿಕ್ಕಷ್ಟು ಕ್ಯಾಮೆರಾದ ಪ್ರೀತಿ ದಾರಕ್ಕೆ ಸಿಕ್ಕಿಲ್ಲ. ಈ ಮಟ್ಟದ ನಿರ್ದೇಶಕ ಮರೆತುಬಿಟ್ಟಿರ್ತಾರೆ ಅಂತ ನಂಬೋಕಾಗಲ್ಲ. ನನಗನ್ಸೋದು, ರೂಪಕಕ್ಕೆ ಗಾಳಿ ಬೇಕಾಗಿತ್ತು.

ಚಿತ್ರ ತಯಾರಾದ ಕಾಲ ನೆನಪಿಸಿಕೊಳ್ಳಿ. ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಗಳು, 2020ರ ಫೆಬ್ರವರಿಯ ದೆಹಲಿ ಗಲಭೆ. ಇವೆಲ್ಲ ನೆಲಮಾಳಿಗೆಯ ಕಿಟಕಿಯಾಚೆ ಸದ್ದಾಗಿ, ಫೋನಿನ ಪರದೆಯ ಸುದ್ದಿಯಾಗಿ, ಹೆಂಡತಿ ಮಕ್ಕಳ ಆತಂಕವಾಗಿ ಬರ್ತವೆ. ಒಂದು ಮುಸ್ಲಿಂ ಕುಟುಂಬ, ಎಲ್ಲರೂ ಕೀಳಾಗಿ ನೋಡೋ ಒಂದು ಹಕ್ಕಿ, ಇಬ್ಬರೂ ಉಸಿರಾಡೋ ಒಂದೇ ಗಾಳಿ. ಆ ಗಾಳಿಗೆ ವಿಷ ಬೆರೆತಿದೆ. ಶೀರ್ಷಿಕೆಯಲ್ಲೇ ಉಸಿರಿದೆ. ಈ ಸಮೀಕರಣ ನಿಲ್ಲಬೇಕಾದರೆ ಹದ್ದು ಗಾಳಿಯಿಂದಲೇ ಬೀಳಬೇಕು. ಅದು ದಾರದಿಂದ ಬಿದ್ದರೆ ಸಮೀಕರಣ ಎಡವಟ್ಟಾಗುತ್ತೆ. ಯಾಕಂದ್ರೆ ದಾರದ ಇನ್ನೊಂದು ತುದಿಯಲ್ಲಿ ಒಂದು ಕೈ ಇದೆ. ಆ ಕೈ ಪಕ್ಕದ ಛಾವಣಿಯ ಹುಡುಗನದು. ಅವನು ಯಾವ ಧರ್ಮದವನಾದರೂ ಆಗಿರಬಹುದು, ಅವನ ಮನಸ್ಸಲ್ಲಿ ಯಾವ ದ್ವೇಷವೂ ಇಲ್ಲ, ಅವತ್ತು ಅವನ ಬದುಕಿನ ಅತಿ ಖುಷಿಯ ದಿನ. ಹೊಗೆಗೆ ವಾರಸುದಾರರಿಲ್ಲ, ಎಲ್ಲರೂ ಸೇರಿ ನಿಟ್ಟುಸಿರು ಬಿಡಬಹುದು. ದಾರವನ್ನ ಯಾರೋ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತಂದಿರ್ತಾರೆ.

ಇಲ್ಲೊಂದು ಭಾಷೆಯ ತೊಡಕೂ ಇದೆ. ನಮಗೆ ಹದ್ದು ಬೇರೆ, ಗಾಳಿಪಟ ಬೇರೆ. ಹಿಂದಿಯಲ್ಲೂ ಚೀಲ್ ಬೇರೆ, ಪತಂಗ್ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ 'ಕೈಟ್' ಅನ್ನೋ ಒಂದೇ ಪದ. ಹಕ್ಕಿಯ ಹೆಸರೇ ಮೊದಲು, ಅದು ಗಾಳಿಯಲ್ಲಿ ನಿಂತಹಾಗೆ ತೇಲೋದನ್ನ ನೋಡಿ ಆಟಿಕೆಗೂ ಅದೇ ಹೆಸರಿಟ್ಟರು. ಮರುದಿನ ಬೆಳಿಗ್ಗೆ ನನ್ನ ಉತ್ತರ ತಿದ್ದೋಕೆ ಹೋಗಿ ಅಕ್ಕನ ಮಗಳಿಗೆ "ಕೈಟ್ ದಾರ ಕೈಟ್ ರೆಕ್ಕೆ ಕೊಯ್ಯತ್ತೆ" ಅಂದರೆ ಅವಳು ಸೀರಿಯಲ್ ತಿನ್ನೋದು ನಿಲ್ಲಿಸಿ ನನ್ನನ್ನೇ ನೋಡಿದಳು. "ಗಾಳಿಪಟದ ದಾರ ಹದ್ದಿನ ರೆಕ್ಕೆ ಕೊಯ್ಯತ್ತೆ" ಅಂದಾಗ ಅರ್ಥ ಆಯ್ತು. ಕನ್ನಡ ಕಲಿತದ್ದು ಉಪಯೋಗಕ್ಕೆ ಬಂದ ಅಪರೂಪದ ಬೆಳಿಗ್ಗೆ ಅಂತ ಅಕ್ಕ ನಕ್ಕಳು.

ಇಲ್ಲಿಗೆ ನಿಲ್ಲಿಸಿದರೆ ನಾನು ಚಿತ್ರಕ್ಕೆ ಅನ್ಯಾಯ ಮಾಡಿದ ಹಾಗೆ. ಹೊಗೆ ಅಲ್ಲ, ದಾರ ಅಂತ ಒಂದು ಕಾರಣ ಅಳಿಸಿ ಇನ್ನೊಂದು ಬರೆಯೋದು ಸುಲಭ. ನನ್ನ ಹೊಟ್ಟೆಪಾಡೇ ಡೇಟಾ, ಹಾಗಾಗಿ 'ಕಾರಣ' ಅನ್ನೋ ಕಾಲಂ ಕಂಡಾಗಲೆಲ್ಲ ನನಗೆ ಅನುಮಾನ. ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಒಂದು ಬೇಟೆ ಹಕ್ಕಿ ಬಂದಾಗ ಫಾರ್ಮ್ ತುಂಬಬೇಕು: ಜಾತಿ, ವಯಸ್ಸು, ಸಿಕ್ಕಿದ ಜಾಗ, ಬಂದ ಕಾರಣ. ಆ ಕೊನೇ ಕಾಲಂನಲ್ಲಿ ಸಾಮಾನ್ಯವಾಗಿ ಜಾಗ ಇರೋದು ಒಂದು ಪದಕ್ಕೆ.

ನ್ಯೂಯಾರ್ಕಿನ ಫ್ಲಾಕೋ ನೆನಪಿದೆಯಲ್ಲ? 2023ರ ಫೆಬ್ರವರಿ 2ರಂದು ಯಾರೋ ಸೆಂಟ್ರಲ್ ಪಾರ್ಕ್ ಮೃಗಾಲಯದ ಬಲೆ ಕತ್ತರಿಸಿದ್ದರಿಂದ ಹೊರಬಂದ ದೊಡ್ಡ ಗೂಬೆ. ಒಂದು ವರ್ಷ ಮ್ಯಾನ್‌ಹಟನ್‌ನಲ್ಲಿ ಸ್ವತಂತ್ರವಾಗಿ ಬದುಕಿ, 2024ರ ಫೆಬ್ರವರಿ 23ರಂದು ಪಶ್ಚಿಮ 89ನೇ ಬೀದಿಯ ಕಟ್ಟಡವೊಂದರ ಅಂಗಳದಲ್ಲಿ ಬಿದ್ದಿತ್ತು. ಹಕ್ಕಿ ಆಸ್ಪತ್ರೆಯವರು ಬಂದು ಎತ್ತಿಕೊಂಡರು, ಉಳಿಯಲಿಲ್ಲ. ಮೊದಲ ವರದಿ: ಕಟ್ಟಡಕ್ಕೆ ಬಡಿದ ಪೆಟ್ಟು. ಎಲ್ಲರೂ ಗಾಜಿನ ಕಟ್ಟಡಗಳ ಬಗ್ಗೆ ಮಾತಾಡಿದರು. ಒಂದು ತಿಂಗಳಾದ ಮೇಲೆ ಪೂರ್ತಿ ಮರಣೋತ್ತರ ಪರೀಕ್ಷೆ ಹೊರಬಂತು. ಪಾರಿವಾಳ ತಿಂದು ತಗುಲಿದ ತೀವ್ರ ಹರ್ಪಿಸ್ ವೈರಸ್ ಸೋಂಕು. ಮೈಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡೋ ನಾಲ್ಕು ಬಗೆಯ ಇಲಿ ಪಾಷಾಣ. ಈಗ ಹೇಳಿ, ಆ ಕಾಲಂನಲ್ಲಿ ಏನು ಬರೀತೀರಿ? ಬಡಿದದ್ದು ನಿಜ. ಕಾಯಿಲೆ ಬಿದ್ದದ್ದೂ ನಿಜ. ಸ್ವಸ್ಥವಾಗಿದ್ದರೆ ಅದು ಆ ರಾತ್ರಿ ಬೀಳ್ತಿತ್ತಾ ಅನ್ನೋ ಪ್ರಶ್ನೆಗೆ ಫಾರ್ಮ್‌ನಲ್ಲಿ ಜಾಗ ಇಲ್ಲ.

ಇದು ಒಂದು ಗೂಬೆಯ ಕರ್ಮ ಅಂದುಕೊಳ್ಳಬೇಡಿ. ಮ್ಯಾಸಚೂಸೆಟ್ಸ್‌ನ ಟಫ್ಟ್ಸ್ ವಿಶ್ವವಿದ್ಯಾಲಯದ ವನ್ಯಜೀವಿ ಕ್ಲಿನಿಕ್‌ನವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 43 ಕೆಂಪುಬಾಲದ ಗಿಡುಗಗಳನ್ನ ಪರೀಕ್ಷಿಸಿದ್ದರು. 43ರಲ್ಲೂ ಇಲಿ ಪಾಷಾಣ ಇತ್ತು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ 38 ರಾಜ್ಯಗಳ 1,210 ಬೋಳು ಹದ್ದು ಮತ್ತು ಹೊನ್ನ ಹದ್ದುಗಳದ್ದು. ಎರಡೂ ಜಾತಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹಕ್ಕಿಗಳ ಮೂಳೆಯಲ್ಲಿ ದೀರ್ಘಕಾಲದ ಸೀಸದ ವಿಷ. ಬೋಳು ಹದ್ದು ಅಂದ್ರೆ ನಿಮ್ಮ ಡಾಲರ್ ನೋಟಿನ ಹಿಂದೆ ಇರೋದೇ. ಸೀಸ ಬರೋದು ಬೇಟೆಗಾರರ ಗುಂಡಿನಿಂದ. ಜಿಂಕೆ ಹೊಡೆದವರು ಕರುಳು ಕಾಡಲ್ಲೇ ಬಿಟ್ಟು ಹೋಗ್ತಾರೆ, ಅದರಲ್ಲಿ ಗುಂಡಿನ ಚೂರು. ಚಳಿಗಾಲದಲ್ಲಿ ಹಸಿದ ಹದ್ದು ಅದನ್ನ ತಿನ್ನುತ್ತೆ. ಸೀಸ ನರಕ್ಕೆ ಏರಿ ರೆಕ್ಕೆ ಸೋಲುತ್ತೆ. ಆಮೇಲೊಂದು ದಿನ ಹೆದ್ದಾರಿ ಪಕ್ಕ ಸತ್ತು ಬಿದ್ದ ಪ್ರಾಣಿಯನ್ನ ತಿನ್ನುವಾಗ ಲಾರಿ ಬಂದರೆ ಸಮಯಕ್ಕೆ ಸರಿಯಾಗಿ ಮೇಲೇಳೋಕಾಗಲ್ಲ. ರಿಜಿಸ್ಟರಿನಲ್ಲಿ: ವಾಹನ ಅಪಘಾತ.

ಆ ದೃಷ್ಟಿಯಿಂದ ಸೇನ್ ಅವರ ಮಬ್ಬು ಆಕಾಶಕ್ಕೆ ಒಂದು ಸಮರ್ಥನೆ ಇದೆ. ಒಂದೇ ಪದದ ಉತ್ತರಕ್ಕೆ ಅದು ಬಗ್ಗಲ್ಲ. ದೆಹಲಿಯ ಹದ್ದನ್ನೇ ತಗೊಳ್ಳಿ. ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿರೋ ನಿಶಾಂತ್ ಕುಮಾರ್ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸೋ ಪ್ರಕಾರ, ಊರಿನಲ್ಲಿ ಹದ್ದುಗಳು ಗೂಡು ಕಟ್ಟೋಕೆ ಆರಿಸಿಕೊಳ್ಳೋ ಜಾಗಕ್ಕೂ ಅಲ್ಲಿನ ಕಸಕ್ಕೂ, ಹರಕೆಯಾಗಿ ಹದ್ದುಗಳಿಗೆ ಮಾಂಸದ ಚೂರು ಎಸೆಯೋ ಪದ್ಧತಿಗೂ ಗಟ್ಟಿ ನಂಟಿದೆ. ಚಿತ್ರದ ಅಣ್ಣತಮ್ಮಂದಿರಿಗೂ ಹದ್ದಿನ ಮೋಹ ಹತ್ತಿದ್ದು ಚಿಕ್ಕಂದಿನಲ್ಲಿ ನೋಡಿದ ಇದೇ ಪದ್ಧತಿಯಿಂದ. ಮೇಲಿಂದ ಚಳಿಗಾಲದಲ್ಲಿ ಹಿಮಾಲಯ ದಾಟಿ ಮಧ್ಯ ಏಷ್ಯಾದಿಂದ ಬರೋ ನೆಂಟರು ಬೇರೆ. ಅಂದ್ರೆ ಅಲ್ಲಿ ಬೀಳೋ ಹದ್ದು ಹೆಚ್ಚು ಅನ್ನೋದರಲ್ಲಿ ಇರೋ ಹದ್ದೇ ಹೆಚ್ಚು ಅನ್ನೋದೂ ಸೇರಿದೆ. ಕಸ ಕರೆಯುತ್ತೆ, ಕರುಣೆ ಉಣಿಸುತ್ತೆ, ದಾರ ಕೊಯ್ಯುತ್ತೆ. ಇದರಲ್ಲಿ ಮೊದಲೆರಡನ್ನ ಚಿತ್ರ ಅದ್ಭುತವಾಗಿ ತೋರಿಸುತ್ತೆ. ಅದಕ್ಕೇ ಮೂರನೆಯದನ್ನ ಅಂಚಿಗೆ ಸರಿಸಿದ್ದು ನನಗೆ ಇನ್ನೂ ಚುಚ್ಚುತ್ತೆ.

ಇನ್ನು ಆ ಇಪ್ಪತ್ತು ಸಾವಿರ. ಇದು ಅಳೆಯೋದು ಗಾಯಗೊಂಡ ಹದ್ದುಗಳನ್ನ ಅಂತ ನಾವು ಓದಿಕೊಳ್ತೀವಿ. ಅದು ಅಳೆಯೋದು ಯಾರ ಕಣ್ಣಿಗೋ ಬಿದ್ದು, ಆ ಯಾರೋ ನಿಂತು, ಒಂದು ರಟ್ಟಿನ ಪೆಟ್ಟಿಗೆ ಹುಡುಕಿ, ಫೋನ್ ನಂಬರ್ ಹುಡುಕಿ, ತಲುಪಿಸಿದ ಹದ್ದುಗಳನ್ನ. ಪ್ರತಿ ಮೆಟ್ಟಿಲಲ್ಲೂ ಒಂದಷ್ಟು ಹಕ್ಕಿ ಉದುರಿಹೋಗಿರುತ್ತೆ. ಈ ಜಾಗದಲ್ಲಿ ನಮ್ಮ ವೃತ್ತಿಯವರು ಎರಡನೇ ಮಹಾಯುದ್ಧದ ವಿಮಾನದ ರೆಕ್ಕೆಗಳ ಕಥೆ ಹೇಳ್ತಾರೆ. ನಾನು ಹೇಳಲ್ಲ, ನೀವು ಹತ್ತು ಸಲ ಕೇಳಿರ್ತೀರಿ. ನಮ್ಮ ಊರಿನ ಉದಾಹರಣೆ ಸಾಕು. ಆಕಾಶದಲ್ಲಿ ಗರುಡ ಸುತ್ತಿದರೆ ನಮ್ಮಜ್ಜಿ ಕೆನ್ನೆಗೆ ಹೊಡೆದುಕೊಂಡು ಕೈ ಮುಗೀತಿದ್ದರು. ಅದೇ ಕುಟುಂಬದ ಹದ್ದು ಬಂದು ಗೋಡೆ ಮೇಲೆ ಕೂತರೆ ಕೋಲು ತರ್ತಿದ್ದರು. ಇವೆರಡೂ ಒಂದೇ ದಾರಕ್ಕೆ ಸಿಕ್ಕಿ ಒಂದೇ ಬೀದಿಯಲ್ಲಿ ಬಿದ್ದರೆ ಯಾವುದು ಆಸ್ಪತ್ರೆ ಸೇರುತ್ತೆ ಅಂತ ಊಹಿಸೋದು ಕಷ್ಟವಲ್ಲ. ಹಾರೋದು ಕಲಿಯುವಾಗ ನೆಲಕ್ಕಿಳಿದ ಆರೋಗ್ಯವಾದ ಗೂಬೆ ಮರಿಯನ್ನ ಪಾಪ ಅಂತ ಎತ್ತಿಕೊಂಡು ಬರೋರೂ ಇದ್ದಾರೆ. ತಾಯಿ ಅಲ್ಲೇ ಕೊಂಬೆ ಮೇಲೆ ಕೂತಿರುತ್ತೆ. ಅದೂ ರಿಜಿಸ್ಟರಿನಲ್ಲಿ ಒಂದು ಸಾಲು.

ರಣಹದ್ದುಗಳ ಕಥೆಯಂತೂ ಇದಕ್ಕೆ ತದ್ವಿರುದ್ಧ. ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು 1990ರ ದಶಕದ ಶುರುವಿನಿಂದ ಹದಿನೈದೇ ವರ್ಷದಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಕಡಿಮೆಯಾಯ್ತು. ದನಗಳಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ನೋವಿನ ಔಷಧ ಹೆಣದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸ್ತಿದೆ ಅಂತ 2004ರಲ್ಲಿ ಗೊತ್ತಾಯ್ತು, 2006ರಲ್ಲಿ ಪಶುವೈದ್ಯಕೀಯ ಬಳಕೆ ನಿಷೇಧ ಆಯ್ತು. ಲಕ್ಷಾಂತರ ಹಕ್ಕಿ ಸತ್ತದ್ದು ಆಸ್ಪತ್ರೆಯ ಬಾಗಿಲಿಂದ ದೂರ, ಮರದ ಮೇಲೆ, ಬಂಡೆಯ ಮೇಲೆ. ಆಸ್ಪತ್ರೆಯ ಪುಸ್ತಕವೊಂದನ್ನೇ ನೋಡ್ತಾ ಕೂತಿದ್ದರೆ ಆ ದುರಂತ ಗೊತ್ತೇ ಆಗ್ತಿರಲಿಲ್ಲ. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನ 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸುವ ಹೊತ್ತಿಗೆ ಅಲ್ಲಿ ಉಳಿದಿದ್ದವು ಬೆರಳೆಣಿಕೆಯಷ್ಟು.

ಪುನರ್ವಸತಿ ಅನ್ನೋ ಪದ ಮೇಲೆ ಬಳಸಿದೆನಲ್ಲ, ಅದು ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ಕರ್ನಾಟಕದಲ್ಲಿ ಬೆಳೆದವರಿಗೆ ಆ ಪದ ಕೇಳಿದರೆ ಮೊದಲು ನೆನಪಾಗೋದು ಆಲಮಟ್ಟಿ, ಮುಳುಗಡೆಯಾದ ಹಳ್ಳಿಗಳು, ಪುನರ್ವಸತಿ ಕೇಂದ್ರದ ಶೀಟು ಮನೆಗಳು. ಅಲ್ಲಿ ಪುನರ್ವಸತಿ ಅಂದ್ರೆ ಇನ್ನು ವಾಪಸ್ ಹೋಗೋ ಹಾಗಿಲ್ಲ ಅಂತ. ಹಕ್ಕಿಯ ವಿಷಯದಲ್ಲಿ ವಾಪಸ್ ಕಳಿಸೋದೇ ಅದರ ಅರ್ಥ. ಅಮೆರಿಕದಲ್ಲಿ ಈ ವಿಷಯ ನಿಷ್ಠುರ: ಮೊಣಕೈಯಿಂದ ಮೇಲೆ ರೆಕ್ಕೆ ಕತ್ತರಿಸಬೇಕಾದ, ತಾನಾಗಿ ತಿನ್ನಲಾಗದ, ನೆಟ್ಟಗೆ ಕೂರಲಾಗದ ವಲಸೆ ಹಕ್ಕಿಗೆ ದಯಾಮರಣ ಕೊಡಬೇಕು ಅಂತ ಫೆಡರಲ್ ಪರವಾನಗಿಯ ಷರತ್ತೇ ಇದೆ. ನೆಲಮಾಳಿಗೆಯ ಅಣ್ಣತಮ್ಮಂದಿರ ಕಣ್ಣಲ್ಲಿ ಇಂಥ ಲೆಕ್ಕ ಕಾಣಲ್ಲ. ಅದು ಸರಿಯೋ ತಪ್ಪೋ ಅಂತ ಚಿತ್ರ ಕೇಳೋದಕ್ಕೂ ಹೋಗಲ್ಲ. ಈ ಒಂದು ವಿಷಯದಲ್ಲಿ ಅದರ ಮೌನ ನನಗೆ ಇಷ್ಟ. ನದೀಮ್ ಹೆಚ್ಚಿನ ಕಲಿಕೆಗೆ ಅಮೆರಿಕಕ್ಕೆ ಹೊರಡೋ ಭಾಗ ನೋಡುವಾಗ ಮಾತ್ರ, ಆತ ಇಲ್ಲಿ ಬಂದು ಈ ನಿಯಮ ಓದಿದಾಗ ಏನನ್ನಿಸಿರಬಹುದು ಅಂತ ಯೋಚಿಸಿದೆ. ವಿಮಾನ ಹತ್ತಿ ಬಂದವರ ಬಗ್ಗೆ ನಮಗೆ ಕುತೂಹಲ ಸ್ವಲ್ಪ ಜಾಸ್ತಿಯೇ.

ಈಗ ಆಮೇಲೆ ಬರ್ತೀನಿ ಅಂದದ್ದು.

ನಮ್ಮ ಕಡೆ ಗಾಳಿಪಟ ಆಷಾಢದ್ದು. ನನ್ನ ಚಿಕ್ಕಪ್ಪನ ಮನೆ ದೊಡ್ಡಬಳ್ಳಾಪುರದಲ್ಲಿ; ಆಷಾಢದ ಗಾಳಿ ಎದ್ದರೆ ಆ ಊರು ಗಾಳಿಪಟಕ್ಕೆ ಹೆಸರುವಾಸಿ. ಚಿಕ್ಕಪ್ಪನ ಮಗ, ನಾನು, ಬೀದಿಯ ಇನ್ನೂ ಮೂವರು. ಕೆಟ್ಟುಹೋದ ಟ್ಯೂಬ್‌ಲೈಟನ್ನ ಗೋಣಿಚೀಲದಲ್ಲಿ ಸುತ್ತಿ ಗುಂಡುಕಲ್ಲಲ್ಲಿ ಜಜ್ಜೋದು, ಚಿಕ್ಕಮ್ಮನ ಹಳೇ ಸೀರೆಯ ತುಂಡಲ್ಲಿ ಸೋಸಿ ನುಣ್ಣನೆ ಪುಡಿ ತೆಗೆಯೋದು, ಸಬ್ಬಕ್ಕಿ ಗಂಜಿಗೆ ಅದನ್ನ ಕಲಸಿ ಗುಲಾಬಿ ಬಣ್ಣ ಹಾಕೋದು. ಎರಡು ಲೈಟ್ ಕಂಬದ ನಡುವೆ ದಾರ ಕಟ್ಟಿ ಬಟ್ಟೆಯಲ್ಲಿ ಸವರಿಕೊಂಡು ಹೋಗೋ ಕೆಲಸ ನನ್ನದು, ನನ್ನ ಕೈ ನಿಧಾನ ಅಂತ. ಸೂತ್ರ ಕಟ್ಟೋದು, ಬಾಲಂಗೋಚಿ ಅಂಟಿಸೋದು ಅವನ ಕೆಲಸ. ಎದುರಿನವರ ಪಟ ಕತ್ತರಿಸಿದಾಗ ಕೂಗಿದ ಕೂಗು ಈಗಲೂ ಕಿವಿಯಲ್ಲಿದೆ. ನಮ್ಮ ಪಟ ಹೋದಾಗ ಅದರ ಜೊತೆ ಹೋದ ದಾರ ಎಲ್ಲಿ ಬಿತ್ತು ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಹುಣಸೆ ಮರದಲ್ಲಿ, ಕೆರೆ ಪಕ್ಕದ ನೀಲಗಿರಿಯಲ್ಲಿ ಗುಲಾಬಿ ಎಳೆಗಳು ಮುಂದಿನ ಆಷಾಢದವರೆಗೂ ಹೊಳೀತಾ ಇರ್ತಿದ್ದವು. ಅಲ್ಲಿ ಹದ್ದುಗಳೂ ಇದ್ದವು.

ಅದಕ್ಕೇ 'ಪೊಲ್ಯೂಷನ್' ಅನ್ನೋ ಉತ್ತರ ನನ್ನ ಬಾಯಿಗೆ ಅಷ್ಟು ಸಲೀಸಾಗಿ ಬಂದದ್ದು ಅಂತ ಈಗ ಅನ್ನಿಸುತ್ತೆ. ಅದರಲ್ಲಿ ನಾನಿರಲಿಲ್ಲ. ಚಿತ್ರ ನೋಡಿ ನಾನು ಹಾಕಿದ ಕಣ್ಣೀರು ಹೊಗೆಯ ಮೇಲೆ, ಸರ್ಕಾರದ ಮೇಲೆ, ಕಾಲದ ಮೇಲೆ. ಟ್ಯೂಬ್‌ಲೈಟ್ ಪುಡಿ ಮೆತ್ತಿದ ನನ್ನ ಬೆರಳುಗಳ ಶಾಟ್ ಒಂದೇ ಒಂದು ಬಂದಿದ್ದರೂ ನಾನು ಬೇರೆ ರೀತಿ ಕೂತು ನೋಡ್ತಿದ್ದೆ. ಆಗ ಚಿತ್ರ ಇಷ್ಟು ಸುಂದರವಾಗಿರ್ತಿತ್ತಾ? ಬಹುಶಃ ಇಲ್ಲ. ಇಷ್ಟು ಪ್ರಶಸ್ತಿ ಬರ್ತಿತ್ತಾ, ಅದೂ ಅನುಮಾನ. ಆದರೆ ಛಾವಣಿ ಮೇಲೆ ನಿಂತು ಹದ್ದುಗಳನ್ನ ನೋಡೋ ಆ ಸಾಲಿಕ್‌ನ ಸುತ್ತ, ಬೇರೆ ಛಾವಣಿಗಳ ಮೇಲೆ ಅವನದೇ ವಯಸ್ಸಿನ ಹುಡುಗರು ಲಾಟಾಯಿ ಹಿಡಿದು ನಿಂತಿರೋದನ್ನ ಅಷ್ಟೇ ಪ್ರೀತಿಯಿಂದ, ಅಷ್ಟೇ ನಿಧಾನದ ಶಾಟ್‌ನಲ್ಲಿ ತೋರಿಸಿದ್ದರೆ, ಯಾರನ್ನೂ ಬೈಯದೆ ಎಲ್ಲರನ್ನೂ ಒಳಗೆ ತರೋ ಶಕ್ತಿ ಈ ನಿರ್ದೇಶಕರಿಗಿತ್ತು. ಇಲಿಗಳ ಶಾಟ್ ತೆಗೆದವರಿಗೆ ಅದು ಆಗ್ತಿರಲಿಲ್ಲ ಅಂತ ನಾನು ಒಪ್ಪಲ್ಲ.

ಅಕ್ಕನ ಮಗಳಿಗೆ ಮಾಂಜಾ ಮಾಡಿದ ಕಥೆಯನ್ನೂ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ. ಟ್ಯೂಬ್‌ಲೈಟ್ ಜಜ್ಜುವಾಗ ಕೈಗೆ ಗ್ಲೌಸ್ ಹಾಕ್ಕೊಂಡಿದ್ರಾ ಅಂತ ಕೇಳಿದಳು. ಇಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಆ ಮರದಲ್ಲಿ ಇದ್ದ ದಾರ ಯಾರು ತೆಗೆದ್ರು?" ಅಂದಳು.

ಅವತ್ತು ರಾತ್ರಿ ಚಿಕ್ಕಪ್ಪನ ಮಗನಿಗೆ ವಾಟ್ಸಾಪ್‌ನಲ್ಲಿ ಕೇಳಿದೆ. ಹುಣಸೆ ಮರ ರೋಡ್ ಅಗಲ ಮಾಡುವಾಗ ಹೋಯ್ತಂತೆ. ನೀಲಗಿರಿ ಇನ್ನೂ ಇದೆ, ದಾರ ಇದೆಯಾ ಅಂತ ಭಾನುವಾರ ನೋಡಿ ಹೇಳ್ತೀನಿ ಅಂದಿದ್ದಾನೆ.